ಸಾಕು ಮಾಡಿ, ಈ ಕೋಳಿ ಸಾಕುವ ಕನಸು

ಹೋದ ತಿಂಗಳು ಒಂದು ಭಾನುವಾರ ಎಫ್.ಸಿ. ರೋಡಿನ ಹೋಟೆಲೊಂದರಲ್ಲಿ ನಾವು ಐದು ಜನ ಕನ್ನಡದವರು ಕೂತಿದ್ದೆವು. ಎಲ್ಲರೂ ನಲವತ್ತು ದಾಟಿದವರು, ಎಲ್ಲರದೂ ಕಂಪ್ಯೂಟರ್ ಮುಂದಿನ ಕೆಲಸ, ಎಲ್ಲರಿಗೂ ಸೊಂಟನೋವು. ಮೊದಲನೇ ಚಹಾಕ್ಕೆ ಲೇಆಫ್ ಸುದ್ದಿ ಮುಗಿಯಿತು. ಎರಡನೇ ಚಹಾಕ್ಕೆ ಒಬ್ಬ ಹೇಳಿಯೇಬಿಟ್ಟ: "ಇನ್ನ ಐದು ವರ್ಷ ಅಷ್ಟ. ಆಮ್ಯಾಲೆ ಊರಾಗ ಎರಡೆಕರೆ ತಗೊಂಡು ನೂರು ಕೋಳಿ ಸಾಕ್ತೀನಿ. ಮನಿ ಮುಂದ ಒಂದಿಷ್ಟು ಕಾಯಿಪಲ್ಯ. ಮುಗೀತು." ಉಳಿದ ಮೂವರು ತಲೆಯಾಡಿಸಿದರು. ಒಬ್ಬನಂತೂ ಫೋನು ತೆಗೆದು ತಾನು ನೋಡಿಟ್ಟ ಜಾಗದ ಫೋಟೋಗಳನ್ನೇ ತೋರಿಸಿದ.

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಎಂದು ಮನೆಗೆ ನಡೆದು ಬರುವಾಗ ಅನ್ನಿಸಿತು. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಆ ನಾಲ್ವರೂ ಇದನ್ನು ಓದುತ್ತಾರೆ, ಬೈಯಲಿ.

ಈ ಕನಸು ಕೋಳಿಯದಲ್ಲ, ನೌಕರಿ ಬೇಸರದ್ದು. ಬೇಸರಕ್ಕೆ ನನ್ನ ತಕರಾರಿಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕ್ಲೈಂಟಿನ ಜೊತೆ ಮಾತಾಡಿ ಮಲಗಿದವನಿಗೆ ಬೆಳಗಿನ ಕೋಳಿ ಕೂಗು ಅಮೃತದಂತೆ ಕೇಳಿದರೆ ಅದು ಸಹಜ. ಆದರೆ ಬೇಸರ ಕಳೆಯಲು ಪಿಟೀಲು ಕಲಿಯಬಹುದು, ಗುಡ್ಡ ಹತ್ತಬಹುದು. ಕೋಳಿ, ಹಿತ್ತಲು, ಎರಡೆಕರೆ ಎಂದಾಗ ಮಾತ್ರ ನಾವು ಇನ್ನೊಬ್ಬರ ಅನ್ನದ ತಾಟಿಗೆ ಕೈ ಹಾಕುತ್ತೇವೆ. ಅದು ನಮಗೆ ಕಾಣುವುದೇ ಇಲ್ಲ. ಊರಿಗೆ ಮರಳುವ ಬಗ್ಗೆ ಬರೆಯುವವರೆಲ್ಲ ಕಾರಂತರ 'ಮರಳಿ ಮಣ್ಣಿಗೆ'ಯ ಹೆಸರನ್ನು ಎತ್ತಿಕೊಳ್ಳುತ್ತಾರೆ. ಆ ಕಾದಂಬರಿಯ ಮನೆಯನ್ನು ಹೊತ್ತು ನಿಂತವರು ಪಾರೋತಿ, ಸರಸೋತಿ, ನಾಗವೇಣಿ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಾನು ಇರುವುದು ಶಿವಾಜಿನಗರದಲ್ಲಿ. ಇದರ ಹಳೆಯ ಹೆಸರು ಭಾಂಬುರ್ಡೆ. ಊರು ಅಂದರೆ ಊರೇ, ಹೊಲ, ಬಾವಿ, ಗ್ರಾಮದೈವ ಎಲ್ಲ ಇದ್ದದ್ದು. ರೋಕಡೋಬಾ ಗುಡಿಯ ಸುತ್ತಿನ ಗಾವಠಾಣದ ಸಂದಿಗಳಲ್ಲಿ ನಡೆದರೆ ಇವತ್ತಿಗೂ ಅದು ಗೊತ್ತಾಗುತ್ತದೆ. ಒಂದು ಮನೆಯ ಮೆಟ್ಟಿಲ ಪಕ್ಕ ಬುಟ್ಟಿ ಕವುಚಿ ಹಾಕಿ ಒಂದು ಹ್ಯಾಟೆ ಸಾಕಿದ್ದಾರೆ. ಕೆಳಗೆ ಸುರಂಗದಲ್ಲಿ ಮೆಟ್ರೋ ಓಡುತ್ತಿರುತ್ತದೆ, ಮೇಲೆ ಅದು ಮಣ್ಣು ಕೆದರಲು ಮಣ್ಣು ಹುಡುಕುತ್ತಿರುತ್ತದೆ. ಆಚೆ ಕೃಷಿ ಕಾಲೇಜಿನ ಹೊಲಗಳಿವೆ. 1879ರಿಂದ ಇಲ್ಲಿ ಕೃಷಿ ಕಲಿಸುತ್ತಿದ್ದಾರೆ. ನಗರದ ನಟ್ಟನಡುವೆ ಅಷ್ಟು ದೊಡ್ಡ ಬಯಲು ಉಳಿದದ್ದು ಅದು ಸರ್ಕಾರದ ಕಾಲೇಜು ಎಂಬ ಕಾರಣಕ್ಕೆ, ನಮ್ಮ ಮಣ್ಣಿನ ಪ್ರೀತಿಯಿಂದಲ್ಲ. ಡಿಸೆಂಬರಿನಲ್ಲಿ ಅದೇ ಬಯಲಿನಲ್ಲಿ ಭೀಮಥಡಿ ಜತ್ರೆ ನಡೆಯುತ್ತದೆ. ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರು ಬಂದು ರೊಟ್ಟಿ, ಠೇಚಾ, ಗಾವರಾನ್ ಕೋಳಿಯ ಸಾರು ಮಾಡಿ ಬಡಿಸುತ್ತಾರೆ. ನಾವು ಸಾಲಿನಲ್ಲಿ ನಿಂತು ತಿಂದು, ಬಾಯಿ ಒರೆಸಿಕೊಂಡು, 'ನಾವೂ ಇಂಥದ್ದೇ ಬದುಕು ಬದುಕಬೇಕು' ಅನ್ನುತ್ತೇವೆ. ಆ ಸಾರು ಮಾಡಿದಾಕೆ ನಮ್ಮ ಬದುಕು ಬದುಕಲು ತಯಾರಿದ್ದಾಳೆಯೋ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಗೊತ್ತೇ ಇದೆ, ಅವಳ ಮಗ ಹಿಂಜವಡಿಯಲ್ಲಿ ಕೆಲಸ ಹುಡುಕುತ್ತಿರುತ್ತಾನೆ.

ಇಷ್ಟು ಕಟುವಾಗಿ ಮಾತಾಡುವ ಇವನು ಯಾರು ಎಂದರೆ, ನಾನೂ ಕೋಳಿ ಸಾಕಿದವನು. ಅದನ್ನು ಹೇಳಿಬಿಡಬೇಕು.

2021ರ ಮಳೆಗಾಲ. ಮನೆಯಿಂದಲೇ ಕೆಲಸ. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಹೊಲ ಕೊಳ್ಳುವಂತಿಲ್ಲ. ಅದಕ್ಕೆ ನಾನು, ಇಬ್ಬರು ಗೆಳೆಯರು ಸೇರಿ ಮುಳಶಿ ಕಡೆ 20 ಗುಂಟೆ ಜಾಗವನ್ನು ಮೂರು ವರ್ಷದ ಬಾಡಿಗೆಗೆ ಹಿಡಿದೆವು. ಪ್ರಾಜೆಕ್ಟ್ ಮ್ಯಾನೇಜರ್ ನಾನಲ್ಲವೇ, ಎಕ್ಸೆಲ್ ಹಾಳೆ ನನ್ನದೇ. ಅದರಲ್ಲಿ ರಿಸ್ಕ್ ರಿಜಿಸ್ಟರ್ ಕೂಡ ಇತ್ತು. ನಾಯಿ, ಮುಂಗುಸಿ, ಕಳ್ಳರು, ಮಳೆ ಎಲ್ಲ ಬರೆದಿದ್ದೆ. ಜಾಗ ನೋಡಿಕೊಳ್ಳಲು ನಮ್ಮ ಕಡೆಯವರೇ ಸಿಕ್ಕರು, ಸಿಂದಗಿ ತಾಲೂಕಿನ ಗಂಡ-ಹೆಂಡತಿ. ಬಾಣೇರದಲ್ಲಿ ಕಟ್ಟಡದ ಕೆಲಸಕ್ಕೆ ಬಂದು, ಲಾಕ್‌ಡೌನಿನಲ್ಲಿ ಕೆಲಸ ಹೋಗಿ ಕೂತಿದ್ದರು. ತಿಂಗಳಿಗೆ 9,000 ರೂಪಾಯಿ, ತಗಡಿನ ಶೆಡ್ಡು. ಕನ್ನಡ ಮಾತಾಡುವವರು ಸಿಕ್ಕರಲ್ಲ ಎಂದು ನಮಗೆ ಭಾರಿ ಖುಷಿ. ಆಕೆ ಬಂದ ವಾರದೊಳಗೆ ಎಲ್ಲಿಂದಲೋ ಐದು ಊರಕೋಳಿ ತಂದು ಶೆಡ್ಡಿನ ಹಿಂದೆ ಬಿಟ್ಟುಕೊಂಡಳು. ಅದು ಅವಳ ಸ್ವಂತದ್ದು.

ನಾವು ತಂದದ್ದು 60 ಗಿರಿರಾಜ ಮರಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ತಳಿ, ಹಿತ್ತಲಿಗೆಂದೇ ಮಾಡಿದ್ದು, ಕನ್ನಡದ ಕೋಳಿ ಎಂದು ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆ. ಮರಿಗೆ ಐದರಿಂದ ಏಳನೇ ದಿನದೊಳಗೆ ಲಸೋಟಾ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಬೇಕು, ಕೊಕ್ಕರೆ ರೋಗಕ್ಕೆ. ಇಂಗ್ಲಿಷಿನವರು ನ್ಯೂಕ್ಯಾಸಲ್ ಅನ್ನುವುದು, ನಮ್ಮ ಪಶು ಇಲಾಖೆಯವರು ರಾಣಿಖೇತ ಅನ್ನುವುದು, ನಮ್ಮವ್ವ 'ಬ್ಯಾನಿ' ಅನ್ನುವುದು ಅದನ್ನೇ. ಅದು ಜೀವಂತ ವೈರಸ್ಸಿನ ಲಸಿಕೆ. ಶೀಷೆ ತಣ್ಣಗೆ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಾನು ಅದನ್ನು ಪುಣೆಯಲ್ಲಿ ಕೊಂಡು ಕಾರಿನಲ್ಲಿಟ್ಟೆ. ದಾರಿಯಲ್ಲಿ ಒಂದು ಕಾಲ್ ಬಂತು. ಪಕ್ಕಕ್ಕೆ ನಿಲ್ಲಿಸಿ ಒಂದೂವರೆ ತಾಸು ಮಾತಾಡಿದೆ. ಬಿಸಿಲಿತ್ತು. ಐಸು ನೀರಾಗಿತ್ತು. ಆದರೂ ಹಾಕಿದೆ. ಹಾಳೆಯಲ್ಲಿ ಹಸಿರು ಟಿಕ್ ಹೊಡೆದೆ. "ಲಸಿಕಿ ಸರಿ ಹಾಕ್ಸೀರೇನ್ರೀ ಸಾಹೇಬ್ರ?" ಎಂದು ಆಕೆ ಕೇಳಿದಳು. ಹೌದು ಅಂದೆ.

ಎಂಟನೇ ವಾರ ಸುರುವಾಯಿತು. ಮೊದಲು ಬಾಯಿ ತೆರೆದು ಉಸಿರಾಡಿದವು. ಆಮೇಲೆ ಹಸಿರು ಭೇದಿ. ಆಮೇಲೆ ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತ ಸುತ್ತಿದವು. ಆರು ದಿನದಲ್ಲಿ 43 ಸತ್ತವು. ಅವುಗಳ ಜೊತೆ ಶೆಡ್ಡಿನ ಹಿಂದಿನ ಅವಳ ಐದೂ ಸತ್ತವು. ಒಂದು ಕಾವಿಗೆ ಕೂತಿತ್ತು, ಹದಿನೈದು ದಿನ ಆಗಿತ್ತು. ಬುಟ್ಟಿಯಲ್ಲೇ ಸತ್ತು ಬಿದ್ದಿತ್ತು, ತತ್ತಿಯ ಮೇಲೆ.

ರೋಗ ತಂದವನು ನಾನು. ನನ್ನ 60 ಮರಿ ಬಾರದಿದ್ದರೆ ಆ ಐದಕ್ಕೆ ಆ ಬ್ಯಾನಿ ಆ ವಾರ ಬರುತ್ತಿರಲಿಲ್ಲ. ನಾನು ಎರಡು ಸಾವಿರ ರೂಪಾಯಿ ತೆಗೆದುಕೊಟ್ಟೆ. ಆಕೆ ತೆಗೆದುಕೊಂಡಳು, ಬೇಡ ಅನ್ನಲಿಲ್ಲ. "ದುಡ್ಡ ಕೊಟ್ರಿ, ಚಲೋ ಆತ್ರೀ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕಾವಿಗೆ ಕುಂತ ಕೋಳಿ ಪ್ಯಾಟ್ಯಾಗ ಸಿಗಂಗಿಲ್ರೀ," ಅಂದಳು. ಅಷ್ಟೇ. ಜೋರು ಮಾಡಲಿಲ್ಲ. ಎರಡು ತಿಂಗಳಿಗೆ ಅವರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು.

ಲೆಕ್ಕ ಹಾಕಿದೆ. ಉಳಿದ ಕೋಳಿಗಳು ಕೊಟ್ಟ ತತ್ತಿಗೆ ಬಾಡಿಗೆ, ಸಂಬಳ, ಆಹಾರ, ಪೆಟ್ರೋಲು ಹಂಚಿದಾಗ ಒಂದಕ್ಕೆ 38 ರೂಪಾಯಿ ಬಿತ್ತು. ಅದೂ ನಮ್ಮ ಮೂವರ ಭಾನುವಾರಗಳಿಗೆ ಬೆಲೆ ಕಟ್ಟದೆ. ಬದನೆ, ಟೊಮೆಟೊ ಬಂದವು, ಸುಳ್ಳು ಹೇಳಬಾರದು. ಮೆಂತ್ಯಪಲ್ಯ ಅಂತೂ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬಂದು ಎಲ್ಲರ ಮನೆಗೂ ಹಂಚಿದೆವು. ಅದರ ಫೋಟೋಕ್ಕೆ ಬಂದ ಲೈಕುಗಳ ಮಧ್ಯೆ ಸತ್ತ ಕೋಳಿಯ ಸುದ್ದಿ ಯಾರಿಗೂ ಗೊತ್ತಾಗಲಿಲ್ಲ. ನಾನು ಹಾಕಲಿಲ್ಲ.

ಈಗ ಇನ್ನೊಂದು ಹಿತ್ತಲಿನ ಮಾತು.

ನಮ್ಮೂರು ಇಂಡಿ ತಾಲೂಕು, ಭೀಮಾ ದಂಡೆ. ಶಿವಾಜಿನಗರದ ಅಂಚಿನಲ್ಲೇ, ಸಂಗಮದಲ್ಲಿ ಮುಳಾ-ಮುಠಾ ಕೂಡುತ್ತವಲ್ಲ, ಆ ನೀರು ಮುಂದೆ ಭೀಮೆಗೆ ಸೇರಿ, ಉಜನಿ ಅಣೆಕಟ್ಟು ದಾಟಿ ನಮ್ಮೂರ ಮುಂದೆ ಹಾಯುತ್ತದೆ. ನಾನು ಇಲ್ಲಿ ಕೈ ತೊಳೆದ ನೀರು ಅವ್ವನ ಊರಿಗೆ ಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. (ಮಕ್ಕಳು ಅದಕ್ಕೆ 'ಯಕ್' ಅಂದರು, ಅದೂ ಸರಿಯೇ.) ನಮ್ಮದು ಹೊಲದಲ್ಲೇ ಇರುವ ವಸ್ತಿ ಮನೆ. ಮನೆಯ ಹಿಂದೆ ಎರಡು ಗುಂಟೆ ಹಿತ್ತಲು. ಅವ್ವನಿಗೀಗ ಎಪ್ಪತ್ತೆರಡು. ಕೋಳಿ ಹದಿನಾಲ್ಕು.

ಆ ಹಿತ್ತಲು ನಡೆಯುವ ರೀತಿಯೇ ಬೇರೆ. ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ, ಕರಿಬೇವು. ಬೇಲಿಗೆ ಹಬ್ಬಿಸಿದ ಹೀರೆ, ಅವರೆ. ಒಂದು ಮಡಿ ಪುಂಡಿಪಲ್ಯ, ಒಂದು ಮಡಿ ರಾಜಗಿರಿ, ಹತ್ತು ಬದನೆ ಗಿಡ, ಚವಳಿ, ಮೆಣಸಿನ ಗಿಡ. ಕೋಳಿ ಗೊಬ್ಬರವನ್ನು ಅವ್ವ ಹಸಿಯಾಗಿ ಹಾಕುವುದಿಲ್ಲ, ಗಿಡ ಸುಡುತ್ತದೆ. ಬೂದಿಯ ಜೊತೆ ತಿಪ್ಪೆಗೆ ಸೇರಿ ಒಂದು ಮಳೆಗಾಲ ಕಳೆಯಬೇಕು. ಕೋಳಿಗೆ ಬೇರೆ ಆಹಾರವಿಲ್ಲ. ಜೋಳದ ನುಚ್ಚು, ಕೇರಿದ ಕಸ, ದನದ ಸಗಣಿಯಲ್ಲಿನ ಹುಳ, ಗೆದ್ದಲು. ಹಸಿ ಮಡಿಗೆ ಕೋಳಿ ಬಾರದಂತೆ ಜಾಲಿ ಮುಳ್ಳು. ಹಗಲು ಬಿಡುವುದು, ಸಂಜೆ ಎಣಿಸಿ ಬುಟ್ಟಿಗೆ ಹಾಕುವುದು. ಊರಕೋಳಿ ಒಂದು ಹಿಡಿತಕ್ಕೆ ಹತ್ತು ಹನ್ನೆರಡು ತತ್ತಿ ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ ಎಲ್ಲ ಸೇರಿ ಐವತ್ತು ಅರವತ್ತು ಬಂದರೆ ಹೆಚ್ಚು. ಯಾವುದನ್ನು ಕಾವಿಗೆ ಕೂರಿಸಬೇಕು, ಯಾವುದರ ತತ್ತಿ ಮಾರಬೇಕು, ಯಾವ ಹುಂಜವನ್ನು ಜಾತ್ರೆಯವರೆಗೆ ಕಾಯಬೇಕು ಎಂಬ ತೀರ್ಮಾನಗಳನ್ನು ಅವ್ವ ನನ್ನ ಯಾವ ಸ್ಪ್ರಿಂಟ್ ಪ್ಲಾನಿಂಗಿಗಿಂತ ಚುರುಕಾಗಿ ಮಾಡುತ್ತಾಳೆ. ಲಾಭ ತತ್ತಿಯಲ್ಲಿಲ್ಲ. ಜಾತ್ರೆಗೆ, ಅಳಿಯಂದಿರು ಬರುವ ಹಬ್ಬಕ್ಕೆ ಹೋಗುವ ಹುಂಜದಲ್ಲಿದೆ.

ಈ ದುಡ್ಡಿಗೆ ನಮ್ಮನೆಯಲ್ಲಿ 'ತತ್ತಿ ದುಡ್ಡು' ಎಂದು ಹೆಸರು. ಅಪ್ಪ ಕಬ್ಬಿನ ದುಡ್ಡು ಎಣಿಸುತ್ತಿದ್ದ, ಅದು ಸಾಲಕ್ಕೆ ಹೋಗುತ್ತಿತ್ತು. ತತ್ತಿ ದುಡ್ಡನ್ನು ಅವ್ವ ಕಾಳಿನ ಗಡಿಗೆಯಲ್ಲಿ ಇಡುತ್ತಿದ್ದಳು, ಅದು ನಮ್ಮ ಪುಸ್ತಕಕ್ಕೆ, ಅಕ್ಕನ ಬಳೆಗೆ, ದವಾಖಾನೆಗೆ. ನಾನು ಸಿಇಟಿಗೆ ಹೋದ ಬಸ್ ಚಾರ್ಜು ಎರಡು ಹ್ಯಾಟೆ ಮಾರಿದ ದುಡ್ಡು. ಎಂಜಿನಿಯರಿಂಗಿನ ಮೊದಲ ವರ್ಷ ಹಾಸ್ಟೆಲಿನಲ್ಲಿ ನನ್ನನ್ನು 'ಮನೆ ಕಡೆ ಏನು ಮಾಡ್ತಾರೆ' ಎಂದು ಕೇಳಿದವರಿಗೆ 'ಅಪ್ಪ ರೈತ, ಅವ್ವ ಮನೆಯಲ್ಲಿರ್ತಾಳೆ' ಅಂದೆ. ರೇಷನ್ ಕಾರ್ಡಿನಲ್ಲೂ ಹಾಗೇ ಇದೆ. ಆಕೆಯ ಹೆಸರಿಗೆ ತಿಂಗಳಿಗೆ ತಪ್ಪದೆ ದುಡ್ಡು ಬರಲಿ ಎಂದು ಮೊದಲ ಸಲ ಯೋಚಿಸಿದ್ದು ಮಗ ಅಲ್ಲ, 2023ರಲ್ಲಿ ಗೃಹಲಕ್ಷ್ಮಿ ತಂದ ಸರ್ಕಾರ. ಆ ಎರಡು ಸಾವಿರವನ್ನು 'ಬಿಟ್ಟಿ ಭಾಗ್ಯ' ಎಂದು ಆಡಿಕೊಂಡವರಲ್ಲಿ ಅದೇ ಹೋಟೆಲಿನ ಟೇಬಲ್ಲಿನವರೂ ಇದ್ದರು. ನೂರು ಕೋಳಿ ಕನಸಿನವರು.

2020ರ ಅಕ್ಟೋಬರಿನಲ್ಲಿ ಉಜನಿಯಿಂದ ನೀರು ಬಿಟ್ಟು ಭೀಮಾ ಏರಿದಾಗ ವಸ್ತಿಯ ಅಂಗಳಕ್ಕೆ ನೀರು ಬಂತು. ಅಣ್ಣ ಮೋಟರು, ಕಾಗದಪತ್ರ ಎತ್ತಿಕೊಂಡ. ಅವ್ವ ಒಂಬತ್ತು ಕೋಳಿಯನ್ನು ಎರಡು ಬುಟ್ಟಿಗೆ ಹಾಕಿ ಮೇಲೆ ಸೀರೆ ಕಟ್ಟಿ ಶಾಲೆಯ ಕಾಳಜಿ ಕೇಂದ್ರಕ್ಕೆ ತಂದಳು. ಕೋಳಿ ಒಳಗೆ ಬೇಡ ಅಂದರಂತೆ. ಆಕೆ ವರಾಂಡದಲ್ಲೇ ಮಲಗಿದಳು. ನಾನು ಫೋನಿನಲ್ಲಿ, ಕೋಳಿ ಬಿಟ್ಟು ಒಳಗೆ ಮಲಗು, ನಾನು ದುಡ್ಡು ಕೊಡ್ತೀನಿ ಎಂದು ಗದರಿದ್ದು ಈಗಲೂ ನೆನಪಿದೆ. ಮರುವರ್ಷ ಮುಳಶಿಯ ಶೆಡ್ಡಿನ ಮುಂದೆಯೂ ನಾನು ಆಡಿದ್ದು ಅದೇ ಮಾತು, ದುಡ್ಡು ಕೊಡ್ತೀನಿ.

ಇದನ್ನು ಓದಿ ಯಾರಾದರೂ, 'ಹಾಗಾದರೆ ಅವ್ವನ ಕೋಳಿಯೇ ಶ್ರೇಷ್ಠ, ಫಾರ್ಮಿನ ತತ್ತಿ ವಿಷ' ಎಂದು ತಿಳಿದರೆ ಅದಕ್ಕೂ ನನ್ನ ಜಗಳವಿದೆ. ನಾವು ಕೂತಿರುವುದು ತತ್ತಿ ದರದ ರಾಜಧಾನಿಯಲ್ಲಿ. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಕಟ್ಟಿದ ಬಿ.ವಿ. ರಾವ್ ಅವರ ಸಂಸ್ಥೆ ಬೆಳೆದದ್ದು ಪುಣೆಯಲ್ಲಿ. ದಲ್ಲಾಳಿಗಳು ದರ ನಿಗದಿ ಮಾಡಿ ಸಾಕಣೆದಾರರು ಮುಳುಗುತ್ತಿದ್ದಾಗ, ತತ್ತಿ ನಮ್ಮದಾದರೆ ದರವೂ ನಮ್ಮದೇ ಆಗಬೇಕು ಎಂದು ಊರೂರು ಸುತ್ತಿ ಅವರು 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿದರು. ಎನ್‌ಇಸಿಸಿ ಎಂದು ಪೇಪರಿನಲ್ಲಿ ಓದಿರುತ್ತೀರಿ. ಹೊಸಪೇಟೆ, ಮೈಸೂರು, ಬೆಂಗಳೂರಿನ ತತ್ತಿ ದರ ಇವತ್ತಿಗೂ ದಿನಾ ಅವರ ಪಟ್ಟಿಯಲ್ಲೇ ಬರುತ್ತದೆ. ಬಿವಿ-300 ಎಂಬ ಆ ಬಿಳಿ ಕೋಳಿ ವರ್ಷಕ್ಕೆ 300ಕ್ಕೂ ಮೇಲೆ ತತ್ತಿ ಇಡುತ್ತದೆ. ಪಂಜರದಲ್ಲಿ ಅದಕ್ಕೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ಆ ಕ್ರೌರ್ಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರದ ಶಾಲೆಗಳಲ್ಲಿ ಮಗುವಿನ ತಾಟಿಗೆ ತತ್ತಿ ಬಂದದ್ದು ಆ ಕೋಳಿಯಿಂದ, ನಿಮ್ಮ ಆರ್ಗ್ಯಾನಿಕ್ ಕನಸಿನಿಂದಲ್ಲ. ಹಿತ್ತಲ ಕೋಳಿಯಿಂದಲೇ ರಾಜ್ಯದ ಶಾಲೆಗಳಿಗೆಲ್ಲ ತತ್ತಿ ಕೊಡುವುದು ಸುಲಭದ ಮಾತಲ್ಲ.

ಮತ್ತೆ ಆರೋಗ್ಯದ ಮಾತು. ಹಳದಿ ಗಾಢವಾಗಿದ್ದರೆ ಸತ್ವ ಹೆಚ್ಚು ಎಂಬುದು ನಂಬಿಕೆ. ಆ ಬಣ್ಣ ಬರುವುದು ಕೋಳಿ ತಿಂದ ಸೊಪ್ಪು, ಮೆಕ್ಕೆಜೋಳದಿಂದ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಚೆ ಜಿಬಿಎಸ್ ಕಾಯಿಲೆ ಹರಡಿದಾಗ ನಮ್ಮ ಆಫೀಸಿನಲ್ಲಿ ಅರ್ಧ ಜನ ಕೋಳಿ ತಿನ್ನುವುದು ಬಿಟ್ಟರು, 'ಸ್ವಂತ ಕೋಳಿ ಇದ್ದರೆ ಈ ಭಯವಿಲ್ಲ' ಎಂಬ ಮಾತು ಮತ್ತೆ ಎದ್ದಿತು. ಆಗ ಹೆಸರು ಕೇಳಿಬಂದ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲೂ ಇರುತ್ತದೆ. ಅದು ಫಾರ್ಮು, ಹಿತ್ತಲು ಎಂದು ಭೇದ ಮಾಡುವುದಿಲ್ಲ. ಸರಿಯಾಗಿ ಬೇಯಿಸಿದರೆ ಸಾಯುತ್ತದೆ. ಅಮೆರಿಕದಲ್ಲಿ ಹಿತ್ತಲ ಕೋಳಿ ಸಾಕುವ ಶೋಕಿ ಏರಿದಂತೆ ಸಾಲ್ಮೊನೆಲ್ಲಾ ಸೋಂಕಿನ ಪ್ರಕರಣಗಳೂ ಏರಿವೆ. ಮರಿಗಳಿಗೆ ಮುತ್ತು ಕೊಡಬೇಡಿ ಎಂದು ಅಲ್ಲಿನ ಸರ್ಕಾರ ವರ್ಷ ವರ್ಷ ಹೇಳುತ್ತದೆ. ಕೋಳಿ ಮುಟ್ಟಿ ಕೈ ತೊಳೆಯದೆ ಒಲೆಯ ಹತ್ತಿರ ಹೋದರೆ ಅವ್ವ ಸೌಟಿನಿಂದ ಹೊಡೆಯುತ್ತಿದ್ದಳು, ಯಾವ ಸುತ್ತೋಲೆಯೂ ಬೇಕಿರಲಿಲ್ಲ.

ಕನಸು ಮಾರುವವರನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. 2012ರಲ್ಲಿ ಈರೋಡಿನ ಪೆರುಂದುರೈಯಲ್ಲಿ ಎಮು ಹಕ್ಕಿ. 2019ರಲ್ಲಿ ಇಲ್ಲೇ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಕಡಕನಾಥ. ಪಟ್ಟು ಒಂದೇ: ಮರಿ ನಾವು ಕೊಡ್ತೀವಿ, ಹಕ್ಕಿ ನಾವೇ ಕೊಳ್ತೀವಿ, ನೀವು ದುಡ್ಡು ಹಾಕಿ. ಕೊನೆಗೆ ಕೊಳ್ಳುವವರು ಮಾಯ, ಹಸಿದ ಹಕ್ಕಿಗಳು ಮಾತ್ರ ಶೆಡ್ಡಿನಲ್ಲಿ. ಮುಳುಗಿದವರು ಸಾಲ ತೆಗೆದ ಹಳ್ಳಿಯ ಹುಡುಗರು. ಝಾಬುವಾದ ಆದಿವಾಸಿಗಳ ಹಿತ್ತಲಲ್ಲಿ ಸುಮ್ಮನೆ ಓಡಾಡಿಕೊಂಡಿದ್ದ ಕಪ್ಪು ಕೋಳಿಗೆ ಆ ಬೆಲೆ ಬರಲು ಕಾರಣ ನಗರದ ನಾವು, ನಮ್ಮ ವಾಟ್ಸಾಪ್ ಆರೋಗ್ಯ.

ಈಗ ಭೂಮಿ. ಇದು ನನ್ನ ಮುಖ್ಯ ತಕರಾರು.

ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇದ್ದವು. ಕೃಷಿಯಿಂದಲ್ಲದೆ ಹೆಚ್ಚು ಗಳಿಸುವವರು, ರೈತರಲ್ಲದವರು ಹೊಲ ಕೊಳ್ಳುವಂತಿರಲಿಲ್ಲ. ಅವುಗಳ ಹೆಸರಲ್ಲಿ ಲಂಚ ನಡೆಯುತ್ತಿತ್ತು, ನಿಜ. 2020ರಲ್ಲಿ ಅವನ್ನು ತೆಗೆದುಹಾಕಿದರು. ಲಂಚ ನಿಲ್ಲಿಸಲು ಬೇಲಿಯನ್ನೇ ಕಿತ್ತ ಹಾಗೆ. ನಮ್ಮ ಟೇಬಲ್ಲಿನಲ್ಲಿ ಆಗ ಸಂಭ್ರಮ. ಆದರೆ ಯೋಚಿಸಿ: ಜೋಳ, ತೊಗರಿ ಬೆಳೆದು ಬರುವ ದುಡ್ಡಿನಲ್ಲಿ ಪಕ್ಕದ ಹೊಲ ಕೊಳ್ಳಬಯಸುವ ಒಬ್ಬ ರೈತನ ಎದುರಿಗೆ ಹರಾಜಿಗೆ ನಿಲ್ಲುವವನು ಯಾರು? ಶೇರು ಮಾರಿದ ದುಡ್ಡು, ಎರಡು ಸಂಬಳದ ಮನೆ, ಬೋನಸ್. ನಾನು, ನೀವು. ನಮಗೆ ಆ ಹೊಲದಿಂದ ಒಂದು ರೂಪಾಯಿ ಆದಾಯ ಬೇಕಿಲ್ಲ. ಆದಾಯ ಬೇಕಿಲ್ಲದವನು ಎಷ್ಟು ಬೆಲೆಯನ್ನಾದರೂ ಕೊಟ್ಟಾನು. ಹಾಗೆ ಕೊಟ್ಟ ಮೇಲೆ ಆ ಊರಿನಲ್ಲಿ ಹೊಲದ ದುಡಿಮೆಯಿಂದ ಹೊಲ ಕೊಳ್ಳುವುದು ಮುಗಿಯಿತು. ಗೇಟು ಬರುತ್ತದೆ, ಕಾವಲುಗಾರ ಬರುತ್ತಾನೆ, ಅವನ ಹೆಂಡತಿ ಬರುತ್ತಾಳೆ. ನೂರು ಕೋಳಿ ಸಾಕುವವಳು ಅವಳು. ಕೋಳಿ ಮಾತ್ರ ಅವಳದಲ್ಲ.

ಇದು ಹೊರಗಿನವರ ಕಥೆಯಾಗಿದ್ದರೆ ಇಷ್ಟು ಬಿಸಿಯಾಗಿ ಬರೆಯುತ್ತಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಣ್ಣ ಹೇಳಿದ, ಒಂದು ಪಾರ್ಟಿ ಬಂದಿದೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ, ಮೂಲ ವಿಜಯಪುರದವರೇ. ಹೊಳೆ ಕಡೆಯ ಎರಡೆಕರೆ ಕೇಳುತ್ತಿದ್ದಾರೆ, ಜೊತೆಗೆ ವಸ್ತಿ ಮನೆ, ಹಿತ್ತಲು. ಮನೆಯನ್ನು ಹಾಗೇ ಇಟ್ಟುಕೊಂಡು ಫಾರ್ಮ್ ಸ್ಟೇ ಮಾಡುತ್ತಾರಂತೆ. ನಾಟಿ ಕೋಳಿ, ಹಿತ್ತಲ ಕಾಯಿಪಲ್ಯ, ಚೂಲಾ ಅಡಿಗೆ. ಅವ್ವನಿಗೆ ಊರೊಳಗೆ ಅಣ್ಣನ ಆರ್‌ಸಿಸಿ ಮನೆ ಇದೆ. ಬಂದ ದುಡ್ಡಿನಲ್ಲಿ ಅಣ್ಣನ ಸಾಲ ತೀರುತ್ತದೆ, ಅವನ ಮಗಳ ನರ್ಸಿಂಗ್ ಫೀಸು ಆಗುತ್ತದೆ. ಅಣ್ಣನನ್ನು ಖಳನಾಯಕ ಮಾಡುವ ಆಸೆ ನನಗಿಲ್ಲ. ಊರಲ್ಲಿ ಉಳಿದು ಕಬ್ಬಿನ ಬಾಕಿಗೆ ಕಾದವನು ಅವನು, ನಾನಲ್ಲ.

ಉತಾರದಲ್ಲಿ ಅಪ್ಪ ಹೋದ ಮೇಲೆ ಮೂರು ಹೆಸರಿವೆ: ಅವ್ವ, ಅಣ್ಣ, ನಾನು. ನಾಲ್ಕು ಇರಬೇಕಿತ್ತು. ಅಕ್ಕನಿಂದ 2016ರಲ್ಲಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೆವು, ಒಂದು ಇಳಕಲ್ ಸೀರೆ ಉಡಿಸಿ. ಕಾಗದ ತಯಾರು ಮಾಡಿಸಿದ್ದು ಎಂಟೆಕ್ ಓದಿದ ತಮ್ಮ. ಅಕ್ಕ ಓದದೆ ಸಹಿ ಹಾಕಿದಳು. ಅವಳ ಪಾಲಿನ ತತ್ತಿ ದುಡ್ಡೂ ನನ್ನ ಫೀಸಿಗೆ ಹೋಗಿತ್ತು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಅವ್ವನನ್ನು ಕೇಳಿದೆ. "ನಿಮಗ ಹೆಂಗ ಸರಿ ಕಾಣ್ತೈತಿ ಹಂಗ ಮಾಡ್ರೋ," ಅಂದಳು. ನಮ್ಮ ಕಡೆ ಹೆಂಗಸರು ಬೇಡ ಎಂದು ಹೇಳುವ ರೀತಿ ಇದು. ನಾವು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಂದು, "ಆರ್‌ಸಿಸಿ ಮನ್ಯಾಗ ಕೋಳಿ ಎಲ್ಲಿ ಬಿಡೂದು?" ಎಂದು ಕೇಳಿದಳು. ಅಣ್ಣನ ಹೆಂಡತಿ, "ಟೆರೇಸಿನ ಮ್ಯಾಲೆ ಬಿಡೂಣ ಬಿಡ್ರಿ ಅತ್ತಿ," ಅಂದಳು. ಅವ್ವ ನಕ್ಕಳು.

ಹಾಗಾದರೆ ನೀನು ಹೇಳುವುದೇನು, ನಾವೇನೂ ಮಾಡಬಾರದೇ ಎಂದು ಕೇಳುವಿರಿ. ಪಲ್ಯ ಬೆಳೆಯುವ ಆಸೆಯಿದ್ದರೆ ಬಾಲ್ಕನಿ ಇದೆ. ಮೆಂತ್ಯ, ಕೊತ್ತಂಬರಿ, ಎರಡು ಮೆಣಸಿನ ಗಿಡಕ್ಕೆ ಎರಡೆಕರೆ ಬೇಡ. ಕೋಳಿಯ ಮೇಲೆ ನಿಜವಾಗಿ ಪ್ರೀತಿಯಿದ್ದರೆ, ಸಾಕುತ್ತಿರುವವಳ ಕೋಳಿ ಸಾಯದಂತೆ ನೋಡಿ. ಇದರಲ್ಲಿ ಒಂದು ಸಣ್ಣ ತೊಡಕಿದೆ, ನಮ್ಮಂಥವರು ಬಿಡಿಸಬಹುದಾದದ್ದು. ಕೊಕ್ಕರೆ ರೋಗದ ಲಸಿಕೆ ಅಗ್ಗ, ಒಂದು ಶೀಷೆ ಒಂದು ಪಿಜ್ಜಾಕ್ಕಿಂತ ಕಡಿಮೆ. ಆದರೆ ಶೀಷೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಇರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹದಿನಾಲ್ಕು ಕೋಳಿ ಇರುವವಳು ಅದನ್ನು ಒಬ್ಬಳೇ ತಂದು ಏನು ಮಾಡಿಯಾಳು? ಒಂದು ಓಣಿಯ ಎಲ್ಲ ಕೋಳಿ ಒಂದೇ ಬೆಳಿಗ್ಗೆ, ಬುಟ್ಟಿಯಿಂದ ಬಿಡುವ ಮೊದಲು ಸಿಗಬೇಕು. ಐಸಿನ ಥರ್ಮಾಸು ಬೇಕು, ಮನೆಗಳ ಪಟ್ಟಿ ಬೇಕು, ಮುಂಚಿನ ದಿನ ಫೋನು ಮಾಡುವವನು ಬೇಕು. ಇದು ಪ್ರಾಜೆಕ್ಟ್ ಮ್ಯಾನೇಜರನ ಕೆಲಸ, ಕೋಳಿ ಸಾಕುವವಳದಲ್ಲ.

2023ರ ಯುಗಾದಿಗೆ ಹೋದಾಗ ಮಾಡಿ ನೋಡಿದೆ. ವಸ್ತಿ, ಪಕ್ಕದ ಓಣಿ ಸೇರಿ ಒಂಬತ್ತು ಮನೆ, 110 ಕೋಳಿ. ಇಂಡಿಯಿಂದ ಶೀಷೆಯನ್ನು ಈ ಸಲ ಐಸಿನಲ್ಲೇ ತಂದೆ, ದಾರಿಯಲ್ಲಿ ಫೋನು ಎತ್ತಲಿಲ್ಲ. ಬೆಳಿಗ್ಗೆ ಐದೂವರೆಗೆ ಸುರು ಮಾಡಿ ಏಳಕ್ಕೆ ಮುಗಿಸಿದೆವು. ಎರಡು ಮನೆಯವರು ಬೇಡ ಅಂದರು. ಒಂದು ಹುಂಜ ನನ್ನ ಕೈ ಕುಕ್ಕಿತು. ಆ ವರ್ಷ ಓಣಿಯಲ್ಲಿ ಬ್ಯಾನಿ ಬರಲಿಲ್ಲ. ಲಸಿಕೆಯಿಂದಲೋ ಅದೃಷ್ಟವೋ, ಒಂದು ವರ್ಷದಿಂದ ಹೇಳಲಾಗದು. ಮುಂದಿನ ಯುಗಾದಿಗೆ ರಿಲೀಸ್ ಇತ್ತು, ಹೋಗಲಿಲ್ಲ. ನಾಲ್ಕು ಮನೆಯಲ್ಲಿ ಕೋಳಿ ಸತ್ತವು ಎಂದು ಅವ್ವ ಫೋನಿನಲ್ಲಿ ಹೇಳಿದಳು, ದೂರಿನ ದನಿಯಲ್ಲಲ್ಲ, ಸುದ್ದಿಯ ದನಿಯಲ್ಲಿ.

ಇನ್ನೂ ಒಂದು ಮಾತು ಊರಲ್ಲಿ ಹೊಲವಿರುವ ಎಲ್ಲ ಓದುಗರಿಗೆ. ಎರಡೆಕರೆ ಕೊಳ್ಳುವ ಮೊದಲು ನಿಮ್ಮ ಮನೆಯ ಉತಾರ ತೆಗೆಸಿ ನೋಡಿ. ಹಿತ್ತಲು ನಡೆಸಿದವಳ ಹೆಸರು ಅದರಲ್ಲಿ ಇದೆಯೇ, ಎಷ್ಟನೆಯ ಸಾಲಿನಲ್ಲಿದೆ, ಯಾರ ಹೆಸರು ಬಿಡಿಸಲಾಗಿದೆ. ಆನ್‌ಲೈನಿನಲ್ಲೇ ಸಿಗುತ್ತದೆ, ಐದು ನಿಮಿಷದ ಕೆಲಸ.

ಅಣ್ಣನಿಗೆ ನಾನಿನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅವನ ಸಾಲದ ಅರ್ಧವನ್ನು ನಾನು ತೀರಿಸಬಹುದು. ಮುಳಶಿಯಲ್ಲಿ ಕಳೆದದ್ದರ ಮೂರರಷ್ಟು ಆಗುತ್ತದೆ, ಆದರೆ ಆಗುತ್ತದೆ. ಹೆಂಡತಿಯ ಜೊತೆ ಮಾತಾಡಬೇಕು, ನಮ್ಮ ಮನೆ ಸಾಲವೂ ಇದೆ. ಅಕ್ಕನಿಗೆ ಫೋನು ಮಾಡಿ ಪಾರ್ಟಿ ಬಂದ ವಿಷಯ ಹೇಳಿದೆ. "ನನ್ಯಾಕ ಕೇಳ್ತಿ, ನನ್ನ ಹೆಸರೆಲ್ಲೈತಿ ಅದರಾಗ?" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಪಾರ್ಟಿಯವರು ಇದೇ 18ಕ್ಕೆ ಬಂದು ಮುಂಗಡ ಕೊಡುತ್ತೇವೆ ಅಂದಿದ್ದಾರೆ. ನಿನ್ನೆ ರಾತ್ರಿ ಅವ್ವನ ಫೋನು ಬಂತು. ಕೆಂಪು ಹ್ಯಾಟೆಯನ್ನು ಒಂಬತ್ತು ತತ್ತಿಯ ಮೇಲೆ ಕಾವಿಗೆ ಕೂರಿಸಿದ್ದಾಳಂತೆ, ನಾಲ್ಕು ದಿನವಾಯಿತು. "ಮರಿ ಹೊರಗ ಬರೂತನಕ ಬುಟ್ಟಿ ಸರ್ಸಾಕ ಬರಂಗಿಲ್ಲ," ಅಂದಳು. ಇಪ್ಪತ್ತೊಂದು ದಿನ ಬೇಕು. ಕ್ಯಾಲೆಂಡರ್ ನೋಡಿದೆ, 24ಕ್ಕೆ ಬರುತ್ತದೆ. 18ಕ್ಕೆ ಆಗುವುದಿಲ್ಲ ಎಂದು ಅಣ್ಣನಿಗೆ ಮೆಸೇಜು ಹಾಕಿ ಮಲಗಿದೆ.